ಅರವತ್ತೆಂಟರ ಎಡಗಾಲು

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಪ್ಲೇಆಫ್‌ನಲ್ಲಿ ಯಾವ ತಂಡ ಗೆಲ್ಲುತ್ತದೆ ಎಂದು ಜಗತ್ತಿಗೆ ಮೊದಲೇ ಹೇಳುತ್ತಿದ್ದವರು ಹುಬ್ಬಳ್ಳಿಯ ಕೇಶ್ವಾಪುರದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ಕೂತಿದ್ದ ಹನ್ನೆರಡು ಜನ. ಅವರಲ್ಲಿ ಒಬ್ಬರೂ ಆ ಆಟವನ್ನು ಆಡಿದವರಲ್ಲ. ಎರಡೂ ತುದಿ ಚೂಪಾದ ಆ ಚೆಂಡನ್ನು ಕೈಯಲ್ಲಿ ಹಿಡಿದು ನೋಡಿದವರೂ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಮನುಷ್ಯರ ನಡಿಗೆ ಮಾತ್ರ.

ಆ ಹನ್ನೆರಡು ಜನರಲ್ಲಿ ಮುಖ್ಯಸ್ಥೆ ನೀಲಾಂಬಿಕಾ ಕೊಪ್ಪದ. ವಯಸ್ಸು ನಲವತ್ತೇಳು. ಮೊದಲು ಊರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು. ಅವಳ ಅತ್ತೆ ಗುರವ್ವ ಒಮ್ಮೆ ಅಟ್ಟದ ಬಾಗಿಲಿಗೆ ತಲೆ ಬಡಿಸಿಕೊಂಡು, ಏನೂ ಆಗಿಲ್ಲವೆಂದು ಮೂರು ವಾರ ಓಡಾಡಿ, ಆಮೇಲೆ ಬಚ್ಚಲಮನೆಯಲ್ಲಿ ಬಿದ್ದಿದ್ದಳು. ಮೆದುಳಿಗೂ ತಲೆಬುರುಡೆಗೂ ನಡುವೆ ರಕ್ತ ನಿಧಾನವಾಗಿ ಸೇರಿಕೊಂಡಿತ್ತು. ಶಸ್ತ್ರಚಿಕಿತ್ಸೆಯಾಗಿ ಮುದುಕಿ ಉಳಿದಳು. ಆದರೆ ಆ ಮೂರು ವಾರ ಅತ್ತೆ ತನ್ನ ಕಣ್ಣೆದುರಿಗೇ ಎಡಗಾಲು ಎಳೆದುಕೊಂಡು ನಡೆದಿದ್ದರೂ ಅದು ತನಗೆ ಕಾಣಲಿಲ್ಲವಲ್ಲ ಎಂಬುದು ನೀಲಾಂಬಿಕಾಳನ್ನು ಬಿಡಲಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಾಲ್ಕು ಕ್ಯಾಮೆರಾ ಹಾಕಿಸಿ, ನಡೆದು ಹೋಗುವ ರೋಗಿಗಳ ಹೆಜ್ಜೆ ಅಳೆಯತೊಡಗಿದಳು. ಹೆಬ್ಬೆರಳು ನೆಲದಿಂದ ಎಷ್ಟು ಮಿಲಿಮೀಟರ್ ಏಳುತ್ತದೆ, ತಿರುಗುವಾಗ ಯಾವ ಕಾಲು ತಡಮಾಡುತ್ತದೆ, ಕೈ ಎಷ್ಟು ಬೀಸುತ್ತದೆ. ಆರು ವರ್ಷದಲ್ಲಿ ಹನ್ನೊಂದು ಸಾವಿರ ಜನರ ನಡಿಗೆ ಕಲಿತ ಆ ಗಣಕ, ಯಾರು ಸದ್ಯದಲ್ಲೇ ಬೀಳಲಿದ್ದಾರೆ ಎಂದು ಹೇಳಲು ಶುರುಮಾಡಿತು.

ಅಮೆರಿಕದ ಒಂದು ಪ್ರಸಾರ ಕಂಪನಿಗೆ ಅದು ಬೇರೆ ರೀತಿ ಉಪಯೋಗಕ್ಕೆ ಬಂತು. ಪಂದ್ಯಕ್ಕೆ ಮುಂಚೆ ಆಟಗಾರರು ಮೈದಾನದಲ್ಲಿ ಮೈ ಬಿಸಿ ಮಾಡಿಕೊಳ್ಳುವ ಮುಕ್ಕಾಲು ಗಂಟೆ ಇರುತ್ತದಲ್ಲ, ಆ ದೃಶ್ಯ ಹುಬ್ಬಳ್ಳಿಗೆ ಬರುತ್ತಿತ್ತು. ಪ್ರತಿ ಆಟಗಾರನ ಕೀಲುಗಳ ಮೇಲೆ ಗಣಕ ಚುಕ್ಕಿ ಇಡುತ್ತಿತ್ತು. ತಪ್ಪಿದ ಚುಕ್ಕಿಗಳನ್ನು ಹುಡುಗಿಯರು ಕೈಯಿಂದ ಸರಿಮಾಡುತ್ತಿದ್ದರು. ಇವತ್ತಿನ ನಡಿಗೆಯನ್ನು ಅದೇ ಆಟಗಾರನ ಹಿಂದಿನ ನಡಿಗೆಗೆ ಹೋಲಿಸಿದರೆ ಯಾರು ದಣಿದಿದ್ದಾನೆ, ಯಾರು ನೋವು ಮುಚ್ಚಿಟ್ಟಿದ್ದಾನೆ ಎಂಬುದು ತಿಳಿಯುತ್ತದೆ. ಅದನ್ನಿಟ್ಟುಕೊಂಡು ಗಣಕ ತನ್ನೊಳಗೇ ಆ ಪಂದ್ಯವನ್ನು ಇಪ್ಪತ್ತು ಸಾವಿರ ಸಲ ಆಡಿ, ಯಾವ ತಂಡ ಗೆಲ್ಲುವ ಸಂಭವ ನೂರಕ್ಕೆ ಎಷ್ಟು ಎಂಬ ಒಂದು ಅಂಕಿ ಕೊಡುತ್ತಿತ್ತು. ಆಟ ಶುರುವಾಗಲು ಇಪ್ಪತ್ತು ನಿಮಿಷ ಇರುವಾಗ ಅಂಕಿ ಪ್ರಸಾರವಾಗುತ್ತಿತ್ತು.

ಪ್ಲೇಆಫ್‌ನಲ್ಲಿ ಸೋತ ತಂಡ ಅವತ್ತೇ ಮನೆಗೆ. ಒಟ್ಟು ಹದಿಮೂರು ಪಂದ್ಯ. ಹಿಂದಿನ ವರ್ಷ ಹದಿಮೂರರಲ್ಲೂ ಅಂಕಿ ಹೇಳಿದ ತಂಡವೇ ಗೆದ್ದಿತ್ತು. ಈ ವರ್ಷ ಮೊದಲ ಸುತ್ತಿನ ಆರೂ ಸರಿಹೋಗಿದ್ದವು. ‘ಇದರಲ್ಲಿ ಅದೃಷ್ಟವೂ ಇದೆ. ನೂರಕ್ಕೆ ಎಪ್ಪತ್ತು ಎಂದರೆ ಹತ್ತರಲ್ಲಿ ಮೂರು ಸಲ ತಪ್ಪಲೇಬೇಕು’ ಎಂದು ನೀಲಾಂಬಿಕಾ ಕಂಪನಿಗೆ ಎರಡು ಸಲ ಬರೆದಿದ್ದಳು. ಯಾರೂ ಅದನ್ನು ಪ್ರಸಾರದಲ್ಲಿ ಹೇಳಲಿಲ್ಲ.

ಅಲ್ಲಿಯ ಜನ ಅಂಕಿಗೆ ಒಗ್ಗಿಕೊಂಡಿದ್ದರು. ಕಡಿಮೆ ಅಂಕಿ ಬಂದ ಊರಿನಲ್ಲಿ ಪ್ರೇಕ್ಷಕರು ಆಟ ಶುರುವಾಗುವ ಮೊದಲೇ ಎದ್ದು ಹೋಗುತ್ತಿದ್ದರು. ಅಂಗಿ ಮುದ್ರಿಸುವವರು ಗೆಲ್ಲುವ ತಂಡದ ಅಂಗಿಯನ್ನಷ್ಟೇ ಮುದ್ರಿಸುತ್ತಿದ್ದರು. ಆಟಗಾರರಿಗೆ ಅಂಕಿ ತೋರಿಸಬಾರದೆಂದು ಪಂದ್ಯ ನಡೆಸುವ ಲೀಗ್ ನಿಯಮ ಮಾಡಿತ್ತು. ಆದರೆ ಎದ್ದು ಹೋಗುವ ಜನರ ಬೆನ್ನು ಅವರಿಗೆ ಕಾಣುತ್ತಿತ್ತು.

ಎರಡನೆಯ ಸುತ್ತಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ನೀಲಾಂಬಿಕಾಳ ಗಂಡ ಸಂಗಯ್ಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ರೊಟ್ಟಿ ಮುರಿಯುತ್ತ ಕೇಳಿದ:

“ಅಲ್ಲ, ಗೆಲ್ಲೋರು ಯಾರಂತ ಮೊದ್ಲ ಗೊತ್ತಾದ್ರ, ಆ ಮಂದಿ ಆಟ ಯಾಕ ನೋಡ್ಬೇಕು?”

“ಹಂಗಂದ್ರ ಹೆಂಗೋ?” ಎಂದಳು ಗುರವ್ವ. “ಒಂದಿನ ಸಾಯ್ತೀನಂತ ನನಗೂ ಗೊತ್ತೈತಿ. ಅದಕ್ಕಂತ ಉಣ್ಣೂದು ಬಿಟ್ಟೀನೇನು? ಇನ್ನೊಂದು ರೊಟ್ಟಿ ಹಾಕ.”

ನೀಲಾಂಬಿಕಾ ನಕ್ಕಳು. ಬೆಳಿಗ್ಗೆ ಐದಕ್ಕೆ ಹೋಗಬೇಕೆಂದು ಅಂದು ಬೇಗ ಮಲಗಿದಳು.

ಭಾನುವಾರ ನಮ್ಮಲ್ಲಿ ಬೆಳಗಿನ ಆರು ಮುಕ್ಕಾಲಿಗೆ ಪಂದ್ಯ. ಟಲ್ಸಾ ಊರಿನಲ್ಲಿ ಆಗ ಶನಿವಾರ ಸಂಜೆ. ಟಲ್ಸಾ ತಂಡಕ್ಕೆ ಎದುರಾಗಿ ಪೋರ್ಟ್‌ಲ್ಯಾಂಡ್ ತಂಡ. ವಾರವಿಡೀ ಗಣಕ ಹಿಂದಿನ ಪಂದ್ಯಗಳ ಲೆಕ್ಕದಲ್ಲಿ ಟಲ್ಸಾಗೆ ಅರವತ್ತನಾಲ್ಕು ಕೊಟ್ಟಿತ್ತು. ಆಟಗಾರರು ಮೈದಾನಕ್ಕಿಳಿದು ಇಪ್ಪತ್ತು ನಿಮಿಷವಾಗಿರಬೇಕು, ಅಂಕಿ ಇಳಿಯತೊಡಗಿತು. ಐವತ್ತೊಂದು, ನಲವತ್ತು, ಮೂವತ್ತಮೂರು. ಆರು ಹತ್ತಕ್ಕೆ ಇಪ್ಪತ್ತೊಂಬತ್ತರಲ್ಲಿ ನಿಂತಿತು.

“ಮೇಡಂ, ಇಲ್ಲಿ ಬರ್ರಿ,” ಎಂದು ಕರೆದವಳು ಫರ್ಜಾನಾ ಮುಲ್ಲಾ. ಚುಕ್ಕಿ ಸರಿಮಾಡುವವರಲ್ಲಿ ಅವಳ ಕಣ್ಣು ಎಲ್ಲರಿಗಿಂತ ಚುರುಕು. ಮೂರು ವರ್ಷದಿಂದ ಟಲ್ಸಾ ತಂಡದ ಕಾಲುಗಳನ್ನು ಅವಳೇ ನೋಡಿಕೊಳ್ಳುತ್ತಿದ್ದಳು. “ಅರವತ್ತೆಂಟರ ಎಡಗಾಲ್ ನೋಡ್ರಿ. ಹೆಬ್ಬೆರಳಿನ ಚುಕ್ಕಿ ನೆಲದಾಗ ಹೊಕ್ಕಂಗ ಕಾಣಾಕತ್ತೈತಿ. ಕ್ಯಾಮೆರಾ ತಪ್ಪೈತಿ ಅಂತ ಮೂರು ಸಲ ಸರಿಮಾಡೀನಿ. ಮೂರೂ ಕ್ಯಾಮೆರಾದಾಗ ಹಂಗ ಐತಿ.”

ಅಂಗಿ ಸಂಖ್ಯೆ ಅರವತ್ತೆಂಟು ಎಂದರೆ ಕೆಲ್ವಿನ್ ಬ್ರಸಾರ್ಡ್. ನೂರ ನಲವತ್ತು ಕಿಲೋ ತೂಕದ ಆಳು. ಚೆಂಡು ಎಸೆಯುವವನಿಗೆ ಬೆನ್ನಿನ ಕಡೆಯಿಂದ ಯಾರೂ ಬಂದು ಬೀಳದಂತೆ ಎಡತುದಿಯಲ್ಲಿ ಗೋಡೆಯಾಗಿ ನಿಲ್ಲುವುದು ಅವನ ಕೆಲಸ. ಆ ಗೋಡೆ ಸಡಿಲವಾದರೆ ಇಡೀ ತಂಡ ಸೋಲುತ್ತದೆ. ಅಂಕಿ ಇಳಿದದ್ದಕ್ಕೆ ಕಾರಣವನ್ನು ಗಣಕವೂ ಅವನ ಹೆಸರಿಗೇ ಬರೆದಿತ್ತು.

“ಡಿಸೆಂಬರಿಂದು ತಗಿ,” ಎಂದಳು ನೀಲಾಂಬಿಕಾ.

ಫರ್ಜಾನಾ ಡಿಸೆಂಬರ್ ಮೊದಲ ವಾರದ ದೃಶ್ಯವನ್ನು ಪಕ್ಕಕ್ಕೆ ತಂದಳು. ಆಗ ಎಡ ಹೆಬ್ಬೆರಳು ಹದಿನೆಂಟು ಮಿಲಿಮೀಟರ್ ಏಳುತ್ತಿತ್ತು. ಎರಡು ವಾರದ ನಂತರ ಹದಿನೈದು. ಕಳೆದ ವಾರ ಹನ್ನೆರಡು. ಇವತ್ತು ಎಂಟು.

“ಪಾದ ಉಳುಕಿರಬೇಕೇನ್ರಿ?”

“ಪಾದ ಉಳುಕಿದ್ರ ಕೈಗೇನಾಗೈತಿ? ಎಡಗೈ ನೋಡು. ಅದೂ ಅರ್ಧಕ್ಕರ್ಧ ಬೀಸಾಕತ್ತೈತಿ. ಎಡಕ್ಕ ತಿರುಗುವಾಗ ಒಂದು ಹೆಜ್ಜಿ ಹೆಚ್ಚು ಹಾಕ್ತಾನ.”

ಒಂದೇ ಬದಿಯ ಕೈ ಮತ್ತು ಕಾಲು, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ. ಆಸ್ಪತ್ರೆಯಲ್ಲಿ ನಲವತ್ತಕ್ಕೂ ಹೆಚ್ಚು ಜನರಲ್ಲಿ ನೀಲಾಂಬಿಕಾ ಇದನ್ನು ಕಂಡಿದ್ದಳು. ಗಣಕದ ಹಳೆಯ ಭಾಗ, ಆಟಕ್ಕೆ ಬಳಸದೆ ಮುಚ್ಚಿಟ್ಟದ್ದು, ಇನ್ನೂ ಇತ್ತು. ಅದನ್ನು ತೆರೆದು ಅರವತ್ತೆಂಟರ ನಡಿಗೆಯನ್ನು ಹಾಕಿದಳು. ಮೆದುಳಿನ ಬಲಬದಿಯಲ್ಲಿ ರಕ್ತ ಸೇರಿರುವ ಸಂಭವ ನೂರಕ್ಕೆ ಎಂಬತ್ತೆಂಟು ಎಂದು ಬಂತು. ಇನ್ನರ್ಧ ಗಂಟೆಯಲ್ಲಿ ಆ ಮನುಷ್ಯ ಮೈದಾನಕ್ಕಿಳಿದು, ಚೆಂಡು ಕದಲಿದಾಗಲೆಲ್ಲ ತಲೆಗೆ ತಲೆ ಡಿಕ್ಕಿ ಹೊಡೆಯಲಿದ್ದ.

ಕಂಪನಿಯ ಕಡೆಯಿಂದ ಈ ಕೆಲಸ ನೋಡಿಕೊಳ್ಳುತ್ತಿದ್ದವನು ಗ್ರೆಗ್ ಹಾಲ್ವರ್ಸನ್. ಅವಳು ಕರೆಮಾಡಿ ಹೇಳಿದ್ದನ್ನು ಅವನು ಅಡ್ಡಮಾತಾಡದೆ ಕೇಳಿದ.

“ನೀಲಾ, ತಂಡಕ್ಕೆ ತನ್ನದೇ ಡಾಕ್ಟರಿದ್ದಾರೆ. ಅವರು ಇವತ್ತು ಅವನನ್ನು ಪರೀಕ್ಷಿಸಿ ಆಡಬಹುದು ಎಂದಿದ್ದಾರೆ.”

“ಅವರು ಎರಡು ನಿಮಿಷ ನೋಡಿರುತ್ತಾರೆ. ನಾನು ಆರು ವಾರ ನೋಡಿದ್ದೇನೆ.”

“ನೀವು ಹೇಳುವುದು ನಿಜವಿರಬಹುದು. ಆದರೆ ನಾವು ಅಂಕಿ ಕೊಡುವವರು. ಅಂಕಿ ಕೊಡುವವರೇ ಒಬ್ಬ ಆಟಗಾರನನ್ನು ಹೊರಗೆ ಕೂರಿಸಿ ಎಂದು ಹೇಳಿದರೆ, ಪಂದ್ಯವನ್ನೇ ತಿರುಗಿಸಲು ಹೊರಟಿದ್ದಾರೆ ಎನ್ನುತ್ತಾರೆ. ಒಬ್ಬ ಆಟಗಾರನ ವಿವರ ಯಾರಿಗೂ ಕೊಡಬಾರದು ಎಂದು ಒಪ್ಪಂದದಲ್ಲಿದೆ. ವಕೀಲರಿಗೆ ಬರೆಯುತ್ತೇನೆ. ಸೋಮವಾರ ಉತ್ತರ ಬರುತ್ತದೆ.”

“ಸೋಮವಾರಕ್ಕೆ ಅವನು ಇರುತ್ತಾನೋ ಇಲ್ಲವೋ.”

“ನನ್ನ ಕೈಯಲ್ಲಿ ಇಲ್ಲ,” ಎಂದ ಗ್ರೆಗ್. ಆರು ಇಪ್ಪತ್ತೈದಕ್ಕೆ ಅಂಕಿ ಪ್ರಸಾರವಾಯಿತು: ಟಲ್ಸಾ ಇಪ್ಪತ್ತೊಂಬತ್ತು, ಪೋರ್ಟ್‌ಲ್ಯಾಂಡ್ ಎಪ್ಪತ್ತೊಂದು. ಪರದೆಯ ಮೂಲೆಯಲ್ಲಿ ಕ್ರೀಡಾಂಗಣದ ಮೇಲಿನ ಸಾಲುಗಳು ಖಾಲಿಯಾಗತೊಡಗಿದವು.

ಆಟಗಾರರ ಸಂಘಕ್ಕೆ ಒಂದು ತುರ್ತು ದೂರವಾಣಿ ಇರುವುದನ್ನು ಫರ್ಜಾನಾ ಹುಡುಕಿ ಕೊಟ್ಟಳು. ಆ ಕಡೆ ಎತ್ತಿಕೊಂಡ ಹೆಂಗಸು ತನ್ನ ಹೆಸರು ಲೊರೇನ್ ಎಂದಳು.

“ಬ್ರಸಾರ್ಡ್ ಬಗ್ಗೆಯೇ? ಇವತ್ತು ಹೀಗೆ ಕರೆ ಮಾಡಿದವರಲ್ಲಿ ನೀವು ಒಂಬತ್ತನೆಯವರು ಮೇಡಂ. ಒಬ್ಬ ಅವನಿಗೆ ಜಾಂಡೀಸ್ ಅಂದ. ಇನ್ನೊಬ್ಬ ಅವನ ಅಜ್ಜಿ ತೀರಿಕೊಂಡಳು ಅಂದ. ಈ ಅಂಕಿ ಬಂದಾಗಿನಿಂದ ಬಾಜಿ ಕಟ್ಟುವವರದ್ದು ಇದೇ ಕೆಲಸ. ಒಬ್ಬನನ್ನು ಹೊರಗೆ ಕೂರಿಸಿದರೆ ಅಂಕಿ ಬದಲಾಗುತ್ತದಲ್ಲ.”

“ನಾನು ಆ ಅಂಕಿ ಮಾಡುವವಳೇ.”

“ಹಾಗೆಂದೂ ಇಬ್ಬರು ಹೇಳಿದ್ದಾರೆ,” ಎಂದಳು ಲೊರೇನ್. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ನಿಮ್ಮ ಬಳಿ ಏನಾದರೂ ಪುರಾವೆ ಇದ್ದರೆ ಕಳಿಸಿ. ಮೈದಾನದಲ್ಲಿ ಯಾವ ತಂಡಕ್ಕೂ ಸೇರದ ಒಬ್ಬ ನರರೋಗ ತಜ್ಞರಿದ್ದಾರೆ. ಅವರ ಕೈಗೆ ತಲುಪಿಸುತ್ತೇನೆ. ಪುರಾವೆ ಇಲ್ಲದೆ ಆಗುವುದಿಲ್ಲ.”

ಪುರಾವೆ ಎಂದರೆ ಆರು ವಾರದ ನಡಿಗೆಯ ಕಡತ. ಅದನ್ನು ಕಳಿಸಿದರೆ ಒಪ್ಪಂದ ಮುರಿದಂತೆ. ನೀಲಾಂಬಿಕಾ ಫೋನಿಟ್ಟು ಕೋಣೆಯತ್ತ ತಿರುಗಿದಳು. ಅವತ್ತಿನ ಪಾಳಿಯಲ್ಲಿದ್ದ ಐವರೂ ಅವಳನ್ನೇ ನೋಡುತ್ತಿದ್ದರು.

“ಇದನ್ನ ಕಳಿಸಿದ್ರ ಈ ಕೆಲಸ ಇರೂದಿಲ್ಲ,” ಎಂದಳು. “ನನಗಷ್ಟ ಅಲ್ಲ, ನಿಮಗೂ.”

ಫರ್ಜಾನಾಳ ಗಂಡ ಗ್ಯಾರೇಜಿನ ಕೆಲಸ ಬಿಟ್ಟು ವರ್ಷವಾಗಿತ್ತು. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಅದು ಎಲ್ಲರಿಗೂ ಗೊತ್ತಿತ್ತು. ಅವಳೇ ಮೊದಲು ಬಾಯಿ ಬಿಟ್ಟಳು.

“ಕಳಸ್ರಿ ಮೇಡಂ. ಅಂವ ಬಿದ್ರ, ಆ ವಿಡಿಯೋಕ್ಕೂ ನಾನ ಚುಕ್ಕಿ ಇಡಬೇಕಾಕ್ಕತಿ. ನನ್ನ ಕೈಲೆ ಆಗೂದಿಲ್ಲ.”

ಕಡತ ಹೋಗುವಾಗ ಆರು ಐವತ್ತೆರಡು. ಆಟ ಶುರುವಾಗಿತ್ತು.

ಆಮೇಲಿನ ಅರ್ಧ ಗಂಟೆ ಆ ಕೋಣೆಯಲ್ಲಿ ಯಾರೂ ಅಂಕಿ ನೋಡಲಿಲ್ಲ. ಪ್ರತಿ ಸಲ ಚೆಂಡು ಹಿಂದಕ್ಕೆ ಬಂದಾಗ ಅರವತ್ತೆಂಟು ಎದ್ದು ಎದುರಿನವನಿಗೆ ಡಿಕ್ಕಿ ಕೊಡುತ್ತಿದ್ದ. ಪ್ರತಿ ಸಲವೂ ಐದು ಹೆಣ್ಣುಮಕ್ಕಳು, ಒಬ್ಬ ಗಂಡಸು ಒಟ್ಟಿಗೆ ಉಸಿರು ಹಿಡಿದು ಅವನು ಏಳುವವರೆಗೂ ಬಿಡುತ್ತಿರಲಿಲ್ಲ. ಒಮ್ಮೆ ಅವನು ಮಂಡಿಯೂರಿ ಎದ್ದ, ಎಡಗೈ ಊರಲಿಲ್ಲ. ಏಳು ಇಪ್ಪತ್ತಕ್ಕೆ, ಲೊರೇನ್ ಹೇಳಿದ್ದ ತಜ್ಞನೇ ಇರಬೇಕು, ನೀಲಿ ಟೋಪಿಯ ಒಬ್ಬ ಕುಳ್ಳ ಮನುಷ್ಯ ಮೈದಾನದ ಅಂಚಿನಲ್ಲಿ ಬಂದು, ಕೈಯಲ್ಲಿದ್ದ ಪರದೆಯನ್ನೂ ಬ್ರಸಾರ್ಡನನ್ನೂ ನೋಡುತ್ತ ನಿಂತ. ಇನ್ನೆರಡು ಸಲ ಡಿಕ್ಕಿಯಾದ ಮೇಲೆ ಅವನ ತೋಳು ಹಿಡಿದು ಕರೆದ. ಬ್ರಸಾರ್ಡ್ ಕೈ ಕೊಸರಿಕೊಂಡ. ಕೋಚ್ ಬಂದು ಏನೋ ಕೂಗಾಡಿದ. ಕುಳ್ಳ ಮನುಷ್ಯ ಕದಲಲಿಲ್ಲ. ಕೊನೆಗೆ ಅವನೂ ಬ್ರಸಾರ್ಡನೂ ಅಂಚಿನಲ್ಲಿದ್ದ ವೈದ್ಯರ ಡೇರೆಯೊಳಗೆ ಹೋದರು. ಹತ್ತು ನಿಮಿಷದ ನಂತರ ಬ್ರಸಾರ್ಡನನ್ನು ಸಣ್ಣ ಗಾಡಿಯಲ್ಲಿ ಕೂರಿಸಿ ಹೊರಗೊಯ್ದರು. ಅವನು ತಲೆ ತಗ್ಗಿಸಿಕೊಂಡಿದ್ದ.

ಅವನ ಜಾಗಕ್ಕೆ ಯಾರೂ ಹೆಸರು ಕೇಳದ ಹೊಸಬನೊಬ್ಬ ಬಂದ. ನೀಲಾಂಬಿಕಾ ಅವನನ್ನಿಟ್ಟು ಗಣಕವನ್ನು ಮತ್ತೆ ಓಡಿಸಿ ನೋಡಿದಳು. ಟಲ್ಸಾಗೆ ಐವತ್ತು ಬಂತು. ಅದನ್ನು ಯಾರಿಗೂ ಕಳಿಸಲಿಲ್ಲ. ಪಂದ್ಯವನ್ನು ಕೊನೆಯ ನಿಮಿಷದ ಒಂದು ಒದೆತದಿಂದ ಟಲ್ಸಾ ಗೆದ್ದಿತು, ಇಪ್ಪತ್ತಮೂರು–ಇಪ್ಪತ್ತು ಅಂಕದಲ್ಲಿ. ಅರ್ಧ ಖಾಲಿಯಾಗಿದ್ದ ಕ್ರೀಡಾಂಗಣಕ್ಕೆ ಜನ ವಾಪಸು ಓಡಿ ಬರುತ್ತಿದ್ದುದನ್ನು ಪರದೆ ತೋರಿಸಿತು.

ಮನೆಗೆ ಬಂದಾಗ ಹನ್ನೊಂದು ಗಂಟೆ. ಗುರವ್ವ ಬಿಸಿಲಿಗೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಟೀವಿಯಲ್ಲಿ ಆಗಲೇ ಸುದ್ದಿ ಬಂದಿತ್ತು.

“ನಿನ್ನ ಮಿಷನ್ ತಪ್ಪು ಹೇಳ್ತಂತಲ್ಲ?”

“ಹೌದ್ರಿ ಅತ್ತಿ.”

“ಮಾರಿ ಯಾಕ ಸಪ್ಪಗ ಮಾಡೀ ಮತ್ತ? ಒಂದ್ಸಲ ತಪ್ಪಿದ್ರ ಏನಾತು?”

ನೀಲಾಂಬಿಕಾ ಅಲ್ಲೇ ಕಟ್ಟೆಯ ಮೇಲೆ ಕೂತು ನಡೆದದ್ದನ್ನು ಹೇಳಿದಳು. ಮುದುಕಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು:

“ಅಂವಗ ತಾಯಿ ಅದಾಳೇನು?”

“ಗೊತ್ತಿಲ್ರಿ.”

“ಅವನ ಕಾಲಿನ ಅಳತಿ ಗೊತ್ತೈತಿ, ಅದು ಗೊತ್ತಿಲ್ಲ,” ಎಂದು ಮತ್ತೆ ಸೊಪ್ಪಿಗೆ ಕೈಹಾಕಿದಳು.

ಬ್ರಸಾರ್ಡನ ತಲೆಯಲ್ಲಿ ರಕ್ತ ಸೇರಿತ್ತೆಂದೂ, ಅದೇ ದಿನ ಶಸ್ತ್ರಚಿಕಿತ್ಸೆಯಾಯಿತೆಂದೂ ಲೊರೇನ್ ಸೋಮವಾರ ತಿಳಿಸಿದಳು. ಡಿಸೆಂಬರಿನಲ್ಲಿ ಬಿದ್ದ ಪೆಟ್ಟಿನ ತಲೆನೋವನ್ನು ಅವನು ಯಾರಿಗೂ ಹೇಳದೆ ಮಾತ್ರೆ ನುಂಗಿ ಆಡಿದ್ದ. ಇನ್ನೊಂದು ಜೋರಾದ ಪೆಟ್ಟು ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಶಸ್ತ್ರವೈದ್ಯರು ಹೇಳಿದರಂತೆ.

ಅದೇ ಸೋಮವಾರ ಕಂಪನಿಯ ವಕೀಲರ ಪತ್ರವೂ ಬಂತು. ಒಪ್ಪಂದ ರದ್ದು. ಗ್ರೆಗ್ ಬೇರೆಯಾಗಿ ಎರಡು ಸಾಲು ಬರೆದಿದ್ದ. ನೀವು ಮಾಡಿದ್ದು ಸರಿ, ನನ್ನ ಸ್ಥಾನದಲ್ಲಿ ನಾನು ಹಾಗೆ ಮಾಡಲಾರೆ, ಎಂದು. ಅಂಕಿ ತಪ್ಪಿದ ಸುದ್ದಿಯಿಂದ ಕಂಪನಿಗೆ ಮುಖಭಂಗವಾಗಿತ್ತು. ಆದರೆ ಮುಂದಿನ ವರ್ಷವೇ ಇನ್ನೊಂದು ಊರಿನ ಇನ್ನೊಂದು ಗುಂಪು ಅಂಕಿ ಕೊಡಲು ಶುರುಮಾಡಲಿತ್ತು. ಜನ ಅಂಕಿಯನ್ನು ಬಿಡುವವರಲ್ಲ.

ತಿಂಗಳೊಳಗೆ ಕೇಶ್ವಾಪುರದ ಮಹಡಿ ಖಾಲಿಯಾಯಿತು. ಉಳಿದ ಹನ್ನೊಂದು ಜನರಲ್ಲಿ ಆರು ಜನಕ್ಕೆ ನೀಲಾಂಬಿಕಾ ಅಲ್ಲಿ ಇಲ್ಲಿ ಹೇಳಿ ಕೆಲಸ ಕೊಡಿಸಿದಳು. ಇಬ್ಬರು ಅವಳ ಫೋನ್ ಎತ್ತುವುದನ್ನು ಬಿಟ್ಟರು. ಭಾನುವಾರ ಪಾಳಿಯಲ್ಲಿ ಇರದಿದ್ದ ಅವರನ್ನು ಅವಳು ಕೇಳಿರಲೇ ಇಲ್ಲ. ಆ ಸಿಟ್ಟು ನ್ಯಾಯವೆಂದೇ ಅವಳಿಗೂ ಅನಿಸಿತು. ಅವಳು ಹಳೆಯ ಆಸ್ಪತ್ರೆಗೆ ಮರಳಿದಳು. ಏಪ್ರಿಲ್ ಹೊತ್ತಿಗೆ ಹಟಮಾಡಿ ಫರ್ಜಾನಾಳನ್ನೂ ಅಲ್ಲಿಗೆ ಸೇರಿಸಿದಳು. ಸಂಬಳ ಮೊದಲಿನ ಅರ್ಧ. ಮೊಗಸಾಲೆಯ ಕ್ಯಾಮೆರಾಗಳು ಮತ್ತೆ ಮುದುಕ ಮುದುಕಿಯರ ಹೆಜ್ಜೆ ಅಳೆಯತೊಡಗಿದವು.

ಮೇ ತಿಂಗಳಲ್ಲಿ ಟಲ್ಸಾದ ಶಸ್ತ್ರವೈದ್ಯರಿಂದ ಪತ್ರ ಬಂತು. ಬ್ರಸಾರ್ಡ್ ಮತ್ತೆ ಆಡಬೇಕೆಂದು ಹಟ ಹಿಡಿದಿದ್ದಾನೆ. ತಂಡವೂ ಕಾಯುತ್ತಿದೆ. ಸ್ಕ್ಯಾನ್ ಚೆನ್ನಾಗಿದೆ. ನಡಿಗೆಯ ದೃಶ್ಯ ಕಳಿಸಿದ್ದೇವೆ, ನಿಮ್ಮ ಅಭಿಪ್ರಾಯ ಬೇಕು, ಎಂದು. ನೀಲಾಂಬಿಕಾ ಮೂರು ದಿನ ಅದನ್ನು ನೋಡಿ ವರದಿ ಬರೆದಳು. ಕಳಿಸುವ ಮುಂಚೆ ಬ್ರಸಾರ್ಡನೊಡನೆ ಮಾತಾಡಬೇಕೆಂದು ಕೇಳಿಕೊಂಡಳು.

ನಮ್ಮ ಸಂಜೆ ಏಳಕ್ಕೆ ಅವನ ಮುಖ ಪರದೆಯಲ್ಲಿ ಬಂತು. ಹಿಂದೆ ಮರದ ಮೆಟ್ಟಿಲು, ಬೆಳಗಿನ ಬಿಸಿಲು. ತೂಕ ಇಳಿದಿತ್ತು. ಬಲಕಿವಿಯ ಮೇಲೆ ಕೂದಲು ಇನ್ನೂ ಸರಿಯಾಗಿ ಬಂದಿರಲಿಲ್ಲ.

“ನೀವೇನಾ ನನ್ನ ಕಾಲು ನೋಡಿದವರು?”

“ಮೊದಲು ನೋಡಿದವಳು ಫರ್ಜಾನಾ. ಇಲ್ಲೇ ಇದ್ದಾಳೆ.”

ಫರ್ಜಾನಾ ಪಕ್ಕದಿಂದ ಮುಖ ತೋರಿಸಿ ಕೈ ಎತ್ತಿದಳು. ಅವನು ತಲೆಯಾಡಿಸಿದ.

“ನೀವು ಬದುಕಿಸಿದಿರಿ ಎಂದು ಎಲ್ಲರೂ ಹೇಳುತ್ತಾರೆ. ಅಮ್ಮ ದಿನಾ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾಳೆ. ನಿಮ್ಮ ಹೆಸರು ಅವಳ ಬಾಯಲ್ಲಿ ಸರಿಯಾಗಿ ಬರುವುದಿಲ್ಲ,” ಎಂದ. “ಆದರೆ ನಾನೊಂದು ಕೇಳಬೇಕು. ನೀವು ಕಂಪನಿಗೆ ಹೇಳಿದಿರಿ. ಸಂಘಕ್ಕೆ ಹೇಳಿದಿರಿ. ಅವರು ಡಾಕ್ಟರಿಗೆ ಹೇಳಿದರು. ಡಾಕ್ಟರು ಕೋಚ್‌ಗೆ ಹೇಳಿದರು. ನನ್ನ ತಲೆಯಲ್ಲಿ ಏನಿದೆ ಎಂದು ಕೊನೆಗೆ ಗೊತ್ತಾದದ್ದು ನನಗೆ. ಅದೂ ಡೇರೆಯೊಳಗೆ, ಹೆಲ್ಮೆಟ್ ಕಿತ್ತುಕೊಂಡ ಮೇಲೆ.”

ನಿನ್ನ ನಂಬರು ನನ್ನ ಬಳಿ ಇರಲಿಲ್ಲ ಎಂದು ನೀಲಾಂಬಿಕಾ ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಆ ಬೆಳಿಗ್ಗೆ ಅವನ ನಂಬರು ಹುಡುಕಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ.

“ತಪ್ಪಾಯಿತು,” ಎಂದಳು. “ನನಗೆ ನಿಮ್ಮ ಕಾಲು ಕಂಡಿತು. ನೀವು ಕಾಣಲಿಲ್ಲ.”

ಅವನು ಅದನ್ನು ಒಪ್ಪಿದನೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. “ಸರಿ. ಈಗ ಹೇಗಿದೆ ಕಾಲು?” ಎಂದ.

“ಒಮ್ಮೆ ನಡೆದು ತೋರಿಸಿ.”

ಅವನು ಫೋನನ್ನು ಮೆಟ್ಟಿಲ ಮೇಲೆ ಒರಗಿಸಿಟ್ಟು ರಸ್ತೆಯ ಅಂಚಿನವರೆಗೂ ಹೋಗಿ ಬಂದ. ನೀಲಾಂಬಿಕಾ ಗಣಕಕ್ಕೆ ಹಾಕದೆ ಬರಿಗಣ್ಣಿನಿಂದಲೇ ನೋಡಿದಳು. ಎಡಗಾಲು ಚೆನ್ನಾಗಿ ಏಳುತ್ತಿತ್ತು. ಕೈಯೂ ಬೀಸುತ್ತಿತ್ತು. ತಿರುಗುವಾಗ ಮಾತ್ರ ಆ ಒಂದು ಹೆಚ್ಚಿನ ಹೆಜ್ಜೆ ಇತ್ತು. ಅದು ಹೋಗುವಂಥದ್ದಲ್ಲ ಎಂದು ಮೂರು ದಿನದ ಲೆಕ್ಕವೂ ಹೇಳಿತ್ತು.

ಅವನು ಬಂದು ಕೂತ ಮೇಲೆ ಅವಳು ಹೇಳಿದಳು: “ನಡೆಯಲು, ಓಡಲು, ಭಾರ ಎತ್ತಲು ಏನೂ ಅಡ್ಡಿಯಿಲ್ಲ. ಆದರೆ ಆ ಆಟ ಆಡಬೇಡಿ. ಇನ್ನೊಂದು ಪೆಟ್ಟು ಬಿದ್ದರೆ ಈ ಸಲದಷ್ಟು ಸಮಯ ಸಿಗುವುದಿಲ್ಲ. ಇದು ಸಂಭವದ ಮಾತಲ್ಲ. ನಾನು ಹೀಗೇ ಬರೆದಿದ್ದೇನೆ.”

ಅವನು ದೊಡ್ಡ ಅಂಗೈಯಿಂದ ಮುಖ ಒರೆಸಿಕೊಂಡ. ರಸ್ತೆಯಲ್ಲಿ ಯಾವುದೋ ಲಾರಿ ಹೋಯಿತು. ಅದು ದೂರವಾಗುವವರೆಗೂ ಕಾದ.

“ಡಾಕ್ಟರಿಗೆ ಕಳಿಸಿದ್ದೀರಾ?”

“ಇಲ್ಲ.”

“ತಂಡಕ್ಕೆ?”

“ಇಲ್ಲ. ಮೊದಲು ನಿಮಗೇ ಹೇಳುತ್ತಿರುವುದು.”

“ಹಾಗಾದರೆ ನಾಳೆಯವರೆಗೂ ಇಟ್ಟುಕೊಳ್ಳಿ,” ಎಂದ ಬ್ರಸಾರ್ಡ್. “ಅವರಿಗೆ ನಾನೇ ಹೇಳುತ್ತೇನೆ. ಅದಕ್ಕೂ ಮುಂಚೆ ಒಳಗೆ ಹೋಗಿ ಅಮ್ಮನಿಗೆ ಹೇಳಬೇಕು.”